ಟಗರಿನ ಚಕ್ಕುಬಂದಿ

ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಕೊಡಿ ಅಂದರೆ ತೀರಿಕೊಂಡವರ ತಮ್ಮ ನನ್ನ ಮೇಜಿನ ಮೇಲೆ ಮೂರು ಚಿತ್ರ ಇಟ್ಟರು. ಒಂದು, ನೌಕರಿಗೆ ಸೇರಿದಾಗಿನದು. ಅದರ ಹಣೆಯ ಮೇಲೆ ಕಚೇರಿಯ ಮೊಹರು ಅರ್ಧ ಬಿದ್ದಿತ್ತು. ಎರಡನೆಯದು ಆಧಾರ್ ಕಾರ್ಡಿನದು. ಅದನ್ನು ಹಾಕಿದರೆ ಜನ ಕೈ ಮುಗಿಯುವ ಬದಲು ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಮೂರನೆಯದು ಯಾರದೋ ಬೀಳ್ಕೊಡುಗೆಯ ಗುಂಪು ಫೋಟೊ. ಅದರ ಬಲತುದಿಯಲ್ಲಿ ಒಂದು ಕಿವಿ, ಒಂದು ಕಣ್ಣು, ಅರ್ಧ ಮೀಸೆ. ಮಿಕ್ಕ ಅರ್ಧ ಫೋಟೊದಿಂದ ಆಚೆಗೆ ನಿಂತಿತ್ತು.

"ಇದ್ರಾಗೆ ಅಣ್ಣನ್ನ ಕತ್ತರಿಸಿ ದೊಡ್ದು ಮಾಡಮ್ಮ" ಅಂದರು ತಮ್ಮ.

"ಅರ್ಧ ಮುಖನ ಎಷ್ಟು ದೊಡ್ದು ಮಾಡಿದ್ರೂ ಅರ್ಧನೇ ಅಲ್ಲೇನ್ರಿ" ಅಂದೆ.

ಹೊಸದುರ್ಗದ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಅಂಗಡಿ. ಜೆರಾಕ್ಸು, ಡಿಟಿಪಿ, ಮದುವೆ ಕಾರ್ಡು, ಫ್ಲೆಕ್ಸು. ಸತ್ತವರ ಹಿಂದೆ ಮೋಡ, ಮುಂದೆ ದೀಪ, ಎರಡೂ ಕಡೆ ಪಾರಿವಾಳ ಕೂರಿಸುವುದರಲ್ಲಿ ಈ ಪೇಟೆಯಲ್ಲಿ ನನ್ನನ್ನು ಬಿಟ್ಟರೆ ಇಲ್ಲ. ಆದರೆ ನಾಲ್ಕು ತಾಲ್ಲೂಕಿನ ಜನರನ್ನು ಟಿವಿಯೊಳಗಿಂದ ಹುಡುಕಿ, ಕತ್ತರಿಸಿ, ಪೆನ್ ಡ್ರೈವಿಗೆ ಹಾಕಿಕೊಟ್ಟ ಮನುಷ್ಯನದೇ ಒಂದು ನೆಟ್ಟಗಿನ ಫೋಟೊ ಇಲ್ಲ ಅಂದಾಗ ನನಗೆ ದುಃಖವಾಗಬೇಕಿತ್ತು. ಸಿಟ್ಟು ಬಂತು. ನಾಡಿದ್ದಿನ ಶಿವಗಣಾರಾಧನೆಗೆ ಫ್ಲೆಕ್ಸು ಬೇಕು ಎಂದು ಹೇಳಿ ತಮ್ಮ ಹೊರಟುಹೋದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ.

"ಹೆಸ್ರು ನಂಬಬ್ಯಾಡಮ್ಮ" ಅನ್ನುತ್ತಿದ್ದರು. "ಒಂದೇ ಊರಾಗೆ ಹನ್ನೆರಡು ಜನ ತಿಪ್ಪೇಸ್ವಾಮಿ ಇರ್ತಾರೆ. ಯಾವ ತಿಪ್ಪೇಸ್ವಾಮಿ ಅಂತ ಹುಡುಕ್ತೀಯ? ಚಕ್ಕುಬಂದಿ ಹೇಳು, ಮನುಷ್ಯನ್ನ ಕೈಗೆ ತಂದು ಕೊಡ್ತೀನಿ."

ಜಮೀನಿನ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಬೀಳು ಎಂದು ನಾಲ್ಕು ಗಡಿ ಬರೆಯುತ್ತಾರಲ್ಲ, ಅದೇ ಚಕ್ಕುಬಂದಿ. ಅವರು ಮೂವತ್ತು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಕಾದವರು. ಲೋಕವೆಲ್ಲ ಅವರಿಗೆ ಚಕ್ಕುಬಂದಿಯಾಗಿಯೇ ಕಾಣುತ್ತಿತ್ತು. ನನ್ನ ಅಂಗಡಿಯನ್ನೂ ಅವರು ಹೆಸರಿನಿಂದ ಕರೆದವರಲ್ಲ. "ಪೂರ್ವಕ್ಕೆ ಟೀ ಅಂಗಡಿ, ಪಶ್ಚಿಮಕ್ಕೆ ಸ್ಟ್ಯಾಂಪ್ ವೆಂಡರ್, ಆ ನಡುವಿನದು" ಅನ್ನುತ್ತಿದ್ದರು. ಟೀ ಅಂಗಡಿ ಎತ್ತಿಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂದಾಗ ಒಂದು ವಾರ ನಮ್ಮ ಕಡೆ ಸುಳಿಯಲಿಲ್ಲ. ಕೇಳಿದರೆ, ದಾಖಲೆ ತಿದ್ದುಪಡಿ ಆಗಬೇಕಿತ್ತು ಅಂದರು.

ಕಚೇರಿಯಲ್ಲಿ ಅವರ ಬಗ್ಗೆ ಕಥೆಗಳು ಬೇಕಾದಷ್ಟು. ಹೊಸದಾಗಿ ಬಂದ ತಹಶೀಲ್ದಾರರನ್ನು ರೆಕಾರ್ಡ್ ರೂಮಿನ ಹೊಸ್ತಿಲಲ್ಲೇ ನಿಲ್ಲಿಸಿ ಇಂಡೆಕ್ಸ್ ನಂಬರ್ ಕೇಳಿದ್ದರಂತೆ. ಅವರು, ನಾನು ತಹಶೀಲ್ದಾರ ಕಣ್ರೀ ಅಂದರೆ, ಸಂತೋಷ ಸಾರ್, ಕಡತದ ನಂಬರ್ ಹೇಳಿ ಅಂದರಂತೆ. ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಜಾತಕಕ್ಕೆ ಪುಟಸಂಖ್ಯೆ ಇಲ್ಲವೆಂದು ವಾಪಸು ಕಳಿಸಿದರು ಅನ್ನುವುದು ಊರಿನ ಮಾತು. ನಾನೇ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಪುಟಸಂಖ್ಯೆ ಇತ್ತಮ್ಮ, ನಾಲ್ಕನೇ ಪುಟ ಇರಲಿಲ್ಲ" ಅಂದರು.

ನಿವೃತ್ತಿಯಾದ ಮೇಲೆ ತಮ್ಮನ ಮನೆಯಲ್ಲಿ ಟಿವಿ ನೋಡುತ್ತ ಕೂತಿದ್ದಾಗ ಸುದ್ದಿಯಲ್ಲಿ ಹೊಸದುರ್ಗದ ಬಸ್ ಸ್ಟ್ಯಾಂಡ್ ಕಂಡಿತು. ಅದರಲ್ಲಿ ಅವರ ಕಚೇರಿಯ ಹಳೆಯ ಜವಾನ ಒಂದು ಕೈಯಲ್ಲಿ ತೆಂಗಿನ ಸಸಿ, ಇನ್ನೊಂದು ಕೈಯಲ್ಲಿ ಪಂಚೆಯ ತುದಿ ಹಿಡಿದು ರಸ್ತೆ ದಾಟುತ್ತಿದ್ದನಂತೆ. ದಾಟಿದ, ಹೋದ, ಅಷ್ಟೆ. ಇವರಿಗೆ ಅವತ್ತು ಊಟ ಸೇರಲಿಲ್ಲ. ಮಾರನೆಯ ದಿನ ನನ್ನ ಅಂಗಡಿಗೆ ಬಂದು ಎದೆ ಬಡಿದುಕೊಳ್ಳುವುದೊಂದು ಬಾಕಿ.

"ನಮ್ಮೂರಿನ ಮನುಷ್ಯ ಒಬ್ಬ ದಾಖಲೆ ಇಲ್ದೆ ಹೋಗ್ಬಿಟ್ನಲ್ಲಮ್ಮ!"

"ಅವ್ನು ಎಲ್ಲಿಗೂ ಹೋಗಿಲ್ಲ ಸರ್, ಹಿಂದಿನ ಬೀದಿಯಾಗೇ ಅವ್ನೆ" ಅಂದೆ.

"ಅವ್ನಿರಲಿ. ರಸ್ತೆ ದಾಟಿದ್ದು?"

ಅಲ್ಲಿಂದ ಶುರುವಾಯಿತು. ಒಂದು ಹಳೆಯ ಕಂಪ್ಯೂಟರು, ಅದಕ್ಕೆ ಟಿವಿ ತಂತಿ ಸೇರಿಸುವ ಪುಟ್ಟ ಡಬ್ಬಿ, ಎರಡು ಹಾರ್ಡ್ ಡಿಸ್ಕು. ಜಿಲ್ಲೆಯ ಕೇಬಲ್ ಚಾನೆಲ್ಲನ್ನು ಬೆಳಗಿನಿಂದ ಸಂಜೆಯವರೆಗೆ ಒಂದೇ ಉದ್ದಕ್ಕೆ ರೆಕಾರ್ಡ್ ಮಾಡುವುದು, ಅದರಲ್ಲಿ ನಮ್ಮವರು ಯಾರು ಎಲ್ಲಿ ಕಂಡರು ಎಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು. ನಮ್ಮವರು ಅಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಚಳ್ಳಕೆರೆಯವರೊಬ್ಬರು ತಮ್ಮ ಮಗಳ ಕೋಲಾಟ ಕೇಳಿಕೊಂಡು ಬಂದಾಗ, ಅದು ನನ್ನ ವ್ಯಾಪ್ತಿಗೆ ಬರಲ್ಲ ಎಂದು ಚೊಂಬು ನೀರು ಕೊಟ್ಟು ಕಳಿಸಿದರು.

ಪುಸ್ತಕದಲ್ಲೂ ಹೆಸರು ಇರುತ್ತಿರಲಿಲ್ಲ. ಚಕ್ಕುಬಂದಿ ಇರುತ್ತಿತ್ತು. "ಪೂರ್ವಕ್ಕೆ ತಲೆನೋವಿನ ಮಾತ್ರೆ ಜಾಹೀರಾತು, ಪಶ್ಚಿಮಕ್ಕೆ ಬೋರ್‌ವೆಲ್ ಜಾಹೀರಾತು, ಉತ್ತರಕ್ಕೆ ಚಾನೆಲ್ಲಿನ ಗುರುತು, ದಕ್ಷಿಣಕ್ಕೆ ಓಡುವ ಅಕ್ಷರ. ಈ ಮಧ್ಯೆ ತುರುವನೂರಿನ ಮೇಷ್ಟ್ರು, ಕನ್ನಡಕ ಸಹಿತ, ಎರಡೂಕಾಲು ನಿಮಿಷ." ಕತ್ತರಿಸಿ ಕೊಡುವಾಗಲೂ ಎರಡು ಕಡೆಯ ಜಾಹೀರಾತು ಸೇರಿಸಿಯೇ ಕೊಡುವರು. ಆ ತುರುವನೂರಿನ ಮೇಷ್ಟ್ರು ಸ್ವಾತಂತ್ರ್ಯ ಹೋರಾಟದ ಕಾಲದ ತಮ್ಮೂರಿನ ಬಗ್ಗೆ ಮಾತಾಡಿದ್ದ ತುಣುಕನ್ನು ಅವರ ಮಗನ ಆರತಕ್ಷತೆಯಲ್ಲಿ ದೊಡ್ಡ ಪರದೆಗೆ ಹಾಕಿದರು. ಮೊದಲು ತಲೆನೋವು, ಆಮೇಲೆ ಮೇಷ್ಟ್ರು, ಆಮೇಲೆ ಬೋರ್‌ವೆಲ್ಲು. ಉಂಡು ಎದ್ದವರಲ್ಲಿ ಮೂವರು ಬೋರ್‌ವೆಲ್ಲಿನವರ ಫೋನ್ ನಂಬರ್ ಕೇಳಿದರಂತೆ. ಹೋರಾಟದ ಬಗ್ಗೆ ಯಾರೂ ಕೇಳಲಿಲ್ಲವೆಂದು ಮೇಷ್ಟ್ರು ಬಂದು ನನ್ನ ಮೇಲೆ ಕೂಗಾಡಿದರು. ನಾನೇನು ಮಾಡಲಿ?

ಇನ್ನು ನನ್ನ ಪಾಪದ ಕಥೆ. ಡಿಸ್ಕು ಎರಡೂ ತುಂಬಿಹೋದವು. ನಾನು ಜಾಣೆಯ ಹಾಗೆ, ಹಳೆಯ ರೆಕಾರ್ಡಿಂಗನ್ನೆಲ್ಲ ಹೊಸ ನಮೂನೆಗೆ ಹಿಂಡಿಬಿಡೋಣ ಸರ್, ಹತ್ತರಲ್ಲಿ ಒಂದು ಪಾಲು ಜಾಗ ಸಾಕು ಅಂದೆ. ಒಪ್ಪಿದರು. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ತಿಂಗಳು ಹಿಂಡಿದೆ. ಪ್ರತಿ ರೆಕಾರ್ಡಿಂಗಿನ ಪಕ್ಕದಲ್ಲೂ ಅದೇ ಹೆಸರಿನ, ಬೇರೆ ಬಾಲದ ಒಂದು ಚಿಕ್ಕ ಫೈಲು ಇತ್ತು. ತೆರೆದು ನೋಡಿದರೆ ಬರೀ ಅಂಕಿ, ಗೀಟು, ಚುಕ್ಕಿ. ಕಸ ಎಂದುಕೊಂಡು ಅಷ್ಟನ್ನೂ ಗುಡಿಸಿ ಹಾಕಿದೆ.

ಆ ಕಸವೇ ಇಂಡೆಕ್ಸ್. ಯಾವ ಚಿತ್ರ ಫೈಲಿನೊಳಗೆ ಎಲ್ಲಿದೆ ಎಂದು ಕಂಪ್ಯೂಟರು ತನಗಾಗಿ ಬರೆದಿಟ್ಟುಕೊಳ್ಳುವ ಪಟ್ಟಿ. ಅದಿಲ್ಲದಿದ್ದರೆ ಹದಿನಾಲ್ಕನೇ ನಿಮಿಷಕ್ಕೆ ಹೋಗು ಅಂದರೆ ಹನ್ನೊಂದಕ್ಕೆ ಹೋಗುತ್ತದೆ, ಇಲ್ಲವೇ ಹದಿನೇಳಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತದೆ. ಕತ್ತರಿ ಹಾಕಿದ ಕಡೆ ಬಿಟ್ಟು ಇನ್ನೆಲ್ಲೋ ಕತ್ತರಿಸುತ್ತದೆ.

ಎರಡು ದಿನ ಬಿಟ್ಟು ಬಂದರು. "ಏನಮ್ಮಾ, ನನ್ನ ಆರು ವರ್ಷದ ಇಂಡೆಕ್ಸ್ ಗುಡಿಸಿ ಹಾಕಿದ್ಯಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಅವು ಇದ್ದಿದ್ರೂ ನಡೀತಿರಲಿಲ್ಲ ಸರ್. ಹಿಂಡಿದ ಮೇಲೆ ಫೈಲೇ ಬೇರೆ ಆಗೈತೆ. ಹಳೇ ಇಂಡೆಕ್ಸ್ ಇದಕ್ಕೆ ಕೂರಲ್ಲ."

"ಅದೂ ಸರಿ. ಹೊಲ ಪಾಲಾಗಿ ಪೋಡಿ ಆದ್ಮ್ಯಾಲೆ ಹಳೇ ನಕ್ಷೆ ನಡೆಯಲ್ಲ. ಎಲ್ಲಾ ಮತ್ತೆ ಅಳೀಬೇಕು" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಗುರ ಮಾಡಿಕೊಳ್ಳುವ ಆತುರದಲ್ಲಿ ಇನ್ನೊಂದು ಸಲಹೆ ಕೊಟ್ಟೆ: ಹೇಗೂ ಮತ್ತೆ ಅಳೆಯಬೇಕಲ್ಲ, ಜಾಹೀರಾತುಗಳನ್ನೆಲ್ಲ ತೆಗೆದುಬಿಟ್ಟರೆ ಇನ್ನೂ ಜಾಗ ಉಳಿಯುತ್ತದೆ.

ಅವರು ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

"ಬಾಂದು ಕಲ್ಲು ಕೀಳಾಕೆ ಹೇಳ್ತೀಯೇನಮ್ಮ ನನಗೆ? ಗಡಿ ಕಲ್ಲು ಕಿತ್ತೋನು ಉದ್ಧಾರ ಆಗಿರಾದು ಎಲ್ಲಾನ ನೋಡೀಯಾ?"

ಇದಾದ ಎರಡು ವಾರಕ್ಕೆ ಒಬ್ಬ ಅಜ್ಜಿ ಬಂದರು. ಗುರುವಾರ. ಧರ್ಮಪುರದ ಕಡೆಯ ಒಂದು ಕುರಿಗಾರರ ಹಟ್ಟಿಯವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿದ ಶೇಂಗಾದ ಚೀಲ. ತಾಲ್ಲೂಕು ಕಚೇರಿ ಮುಂದೆ ನಿಂತು "ಟಿವಿ ಕತ್ತರ್ಸೋ ಸಾಮಿ ಎಲ್ಲಿ ಅವ್ರೆ ನಾಯನಾ?" ಎಂದು ಕಂಡಕಂಡವರನ್ನು ಕೇಳುತ್ತಿದ್ದರು. ನಾನೇ ಒಳಗೆ ಕರೆದು ಕೂರಿಸಿ ಆ ಸಾಮಿಗೆ ಹೇಳಿಕಳಿಸಿದೆ.

ಅಜ್ಜಿಯ ಸಂಕಟ ಇದು. ಅವರದೊಂದು ಟಗರು, ಹೆಸರು ಕೆಂಚ. ಎಡಗೊಂಬು ಒಳಕ್ಕೆ ತಿರುಗಿ ಕೆನ್ನೆಗೆ ತಾಗುತ್ತಿತ್ತು, ಒಂದು ಕಣ್ಣಿನ ಸುತ್ತ ಕೆಂಪು ಮಚ್ಚೆ. ತಾಯಿ ಸತ್ತ ಮರಿಯನ್ನು ಅಜ್ಜಿ ಬಾಟಲಿ ಹಾಲು ಕುಡಿಸಿ ಸಾಕಿದ್ದು. ಮಂದೆ ಮೇಯಲು ಹೋದಾಗ ತಪ್ಪಿಸಿಕೊಂಡಿತು. ಅದು ಈಗ ಪಕ್ಕದ ಹಟ್ಟಿಯ ಒಬ್ಬನ ಕುರಿ ರೊಪ್ಪದಲ್ಲಿತ್ತು. ಕೇಳಿದರೆ, ಇದು ಹೋದ ವರ್ಷ ನಮ್ಮ ರೊಪ್ಪದಲ್ಲೇ ಹುಟ್ಟಿದ್ದು ಅನ್ನುತ್ತಿದ್ದ. ಹಟ್ಟಿಯ ಯಜಮಾನರು ಸೋಮವಾರ ನ್ಯಾಯ ಹೇಳಲು ಕಟ್ಟೆಗೆ ಕೂರುವವರಿದ್ದರು. ಅಷ್ಟರೊಳಗೆ ಅಜ್ಜಿ ರುಜುವಾತು ತರಬೇಕು, ಇಲ್ಲದಿದ್ದರೆ ಕೆಂಚ ಅವನದೇ.

"ನನ್ ಕೆಂಚ ಟಿವಿಯಾಗೆ ಬಂದಿದ್ದ ಸಾಮಿ" ಅಂದರು ಅಜ್ಜಿ. "ಕ್ಯಾಮರದೋರು ನಮ್ಮ ರೊಪ್ಪಕ್ಕೇ ಬಂದಿದ್ರು. ನಾನು ಕರೀತೀನಿ, ಅವ್ನು ಓಡಿ ಬತ್ತಾನೆ. ಕೇಬಲ್‌ನೋರ್ನ ಕೇಳಿದ್ರೆ ಅಳಿಸಿಬಿಟ್ಟಿದೀವಿ ಅಂತಾರೆ. ನಿಮ್ಮತ್ರ ಐತಂತಲ್ಲ?"

"ಯಾವತ್ತು ಬಂದಿತ್ತು?" ಅಂದರು ಇವರು.

"ಯಾವತ್ತೋ ಬಂದಿತ್ತು. ನಂಗೇನ್ ಗೊತ್ತು?"

"ಹಿಂದೆ ಮುಂದೆ ಯಾವ ಜಾಹೀರಾತು ಬಂದಿತ್ತು?"

ಅಜ್ಜಿ ನನ್ನ ಮುಖ ನೋಡಿದರು. ನಾನು ಮೇಲೆ ಫ್ಯಾನು ನೋಡಿದೆ.

ಇವರು ಪುಸ್ತಕ ತಿರುವಿದರು. ಅರ್ಧ ಗಂಟೆಯಲ್ಲಿ ಸಿಕ್ಕಿಬಿಟ್ಟಿತು. "ಪೂರ್ವಕ್ಕೆ ಬೋರ್‌ವೆಲ್, ಪಶ್ಚಿಮಕ್ಕೆ ಹಿರಿಯೂರಿನ ಜವಳಿ ಅಂಗಡಿ, ಈ ಮಧ್ಯೆ ಒಬ್ಬ ಅಜ್ಜಿ, ಒಂದು ಟಗರು, ನಲವತ್ತು ಸೆಕೆಂಡು." ಅಜ್ಜಿ ಪುಸ್ತಕದ ಆ ಸಾಲನ್ನು ಕಣ್ಣಿಗೊತ್ತಿಕೊಂಡರು. ಆದರೆ ಸಾಲು ಸಿಕ್ಕಿದರೆ ಟಗರು ಸಿಕ್ಕಿದಂತಲ್ಲವಲ್ಲ. ಆ ದಿನದ ರೆಕಾರ್ಡಿಂಗು ನಾನು ಹಿಂಡಿದವುಗಳಲ್ಲಿ ಒಂದು. ಕತ್ತರಿಸಿದೆವು, ತಲೆನೋವಿನ ಮಾತ್ರೆ ಬಂತು. ಮತ್ತೆ ಕತ್ತರಿಸಿದೆವು, ಯಾರದೋ ಶೇಂಗಾ ಹೊಲ ಬಂತು. ಮೂರನೇ ಸಲ ಟಗರು ಬಂತು, ಆದರೆ ಬರೀ ಬಾಲ. ಅದು ಪರದೆಯಿಂದ ಆಚೆ ಹೋಗುವ ಕಡೇ ಗಳಿಗೆ.

"ಅಯ್ಯಾ, ಇದು ಕೆಂಚನೇ!" ಅಂದರು ಅಜ್ಜಿ.

"ಬಾಲ ನೋಡಿ ಯಜಮಾನ್ರು ಒಪ್ಪಲ್ಲ ತಾಯಿ. ಎಲ್ಲಾ ಟಗರಿಗೂ ಬಾಲ ಇರ್ತತೆ" ಅಂದರು ಇವರು. "ಇಂಡೆಕ್ಸ್ ಕಟ್ಟಬೇಕು. ಬ್ಯಾರೆ ದಾರಿ ಇಲ್ಲ."

ಇಂಡೆಕ್ಸ್ ಕಟ್ಟುವುದೆಂದರೆ ಕಂಪ್ಯೂಟರು ಫೈಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಚಿತ್ರ ಎಣಿಸುತ್ತ ನಡೆಯಬೇಕು. ಒಂದಿಡೀ ದಿನದ ರೆಕಾರ್ಡಿಂಗು, ಅವರ ಹಳೆಯ ಕಂಪ್ಯೂಟರು. ಏಳು ಗಂಟೆ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಶುಕ್ರವಾರ ಅದನ್ನು ನನ್ನ ಅಂಗಡಿಗೇ ತಂದು ಮೂರು ಸಲ ಕಟ್ಟಲು ಹಾಕಿದೆವು. ಮೂರು ಸಲವೂ ಕರೆಂಟು ಹೋಯಿತು. ನನ್ನ ಯುಪಿಎಸ್ಸು ಕರೆಂಟು ಹೋದಾಗ ಅಳುವುದಕ್ಕೆ ಮಾತ್ರ ಇದ್ದದ್ದು. ಅಜ್ಜಿ ಊರಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲೇ ಉಳಿದು, ನಮ್ಮತ್ತೆಯ ಜೊತೆ ಸೇರಿ ನನ್ನ ಅಡುಗೆಯ ತಪ್ಪು ಹುಡುಕುತ್ತಿದ್ದರು.

ಶನಿವಾರ ನಮ್ಮ ಅತ್ತಿಗೆಯ ಹಿಟ್ಟಿನ ಗಿರಣಿ ನೆನಪಾಯಿತು. ಅಲ್ಲಿ ಜನರೇಟರ್ ಇತ್ತು. ಕಂಪ್ಯೂಟರನ್ನು ತಳ್ಳುಗಾಡಿಯಲ್ಲಿಟ್ಟು, ಮೇಲೆ ಅಜ್ಜಿಯ ಕಂಬಳಿ ಹೊದಿಸಿ ಹೊರಟೆವು. ಗಿರಣಿಯಲ್ಲಿ ರಾಗಿ ಡಬ್ಬಗಳ ಸಾಲು. ಆ ಸಾಲಿನಲ್ಲಿ ಕಂಪ್ಯೂಟರೂ ಕೂತಿತು.

"ಇದೇನ್ ಬೀಸ್ತತ್ರೀ?" ಎಂದು ಒಬ್ಬಳು ಕೇಳಿದಳು.

"ಇಂಡೆಕ್ಸು" ಅಂದರು ಇವರು.

"ಬೀಸ್ಲಿ ಬಿಡ್ರಿ. ನಮ್ಮ ರಾಗಿ ಪಾಳಿ ಮುಂದೈತೆ, ಈಗ್ಲೇ ಹೇಳಿರ್ತೀನಿ."

ಹಿಟ್ಟಿನ ದೂಳಿಗೆ ಕಂಪ್ಯೂಟರಿನ ಒಳಗಿನ ಫ್ಯಾನು ನಿಂತುಹೋಯಿತು. ಪೆಟ್ಟಿಗೆ ಕಾದ ಹೆಂಚಾಯಿತು. ಇವರು ಅತ್ತಿಗೆಯ ಹತ್ತಿರ ಒಂದು ಮೊರ ಇಸಕೊಂಡು ಅದಕ್ಕೆ ಗಾಳಿ ಹಾಕತೊಡಗಿದರು. ಅರ್ಧ ಗಂಟೆ ಹಾಕಬಹುದು ಎಂದುಕೊಂಡಿದ್ದೆ. ಊಟದ ಹೊತ್ತಿಗೂ ಹಾಕುತ್ತಿದ್ದರು. ಅಜ್ಜಿ ಒಂದು ಕಡೆ, ಇವರು ಒಂದು ಕಡೆ, ಇಬ್ಬರೂ ತಲೆಯಿಂದ ಕಾಲಿನವರೆಗೆ ಬಿಳಿಯಾಗಿ, ಮೊರ ಬದಲಾಯಿಸಿಕೊಂಡು ಏಳು ಗಂಟೆ ಬೀಸಿದರು. ಅವರ ವಯಸ್ಸಿಗೆ ಅದು ಆಟವಲ್ಲ. ಬಿಡಿ ಸರ್, ನಾನು ಬೀಸ್ತೀನಿ ಅಂದರೆ, "ಗುಡಿಸಿದೋಳು ನೀನು, ನಿನ್ ಕೈಗೆ ಕೊಡಲ್ಲ" ಅಂದರು. ಅಲ್ಲಿಗೆ ಬೈಗುಳವೂ ಬಂತು. ನನಗೆ ನಿಜವಾಗಿಯೂ ಹಗುರವಾಯಿತು.

ಸಂಜೆ ಇಂಡೆಕ್ಸು ಮುಗಿಯಿತು. ಕತ್ತರಿ ಹಾಕಿದರೆ ಕೆಂಚ ಕೊಂಬು, ಮಚ್ಚೆ, ಬಾಲ ಸಮೇತ ಓಡಿ ಬಂತು. ರಾಗಿ ತಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸೋಮವಾರ ಮೂವರೂ ಬಸ್ಸಿನಲ್ಲಿ ಹಿರಿಯೂರಿಗೆ, ಅಲ್ಲಿಂದ ಧರ್ಮಪುರಕ್ಕೆ, ಅಲ್ಲಿಂದ ಆಟೋದಲ್ಲಿ ಹಟ್ಟಿಗೆ ಹೋದೆವು. ಪೆನ್ ಡ್ರೈವು ಅವರ ಒಳಜೇಬಿನಲ್ಲಿ, ಚಕ್ಕುಬಂದಿ ಬರೆದ ಹಾಳೆ ಮೇಲಿನ ಜೇಬಿನಲ್ಲಿ. ಯಜಮಾನರ ಮನೆಯ ಟಿವಿಯನ್ನು ಹೊರಗೆ ತಂದು ಕಟ್ಟೆಯ ಮೇಲೆ ಇಟ್ಟಿದ್ದರು. ಎದುರಿಗೆ ಬೇವಿನ ಮರಕ್ಕೆ ಕೆಂಚನನ್ನು ಕಟ್ಟಿದ್ದರು. ಹಟ್ಟಿಗೆ ಹಟ್ಟಿಯೇ ಸೇರಿತ್ತು.

ಮೊದಲು ಬೋರ್‌ವೆಲ್ ಜಾಹೀರಾತು ಬಂತು.

"ಇದ್ಯಾಕ್ರೀ? ಟಗರು ತೋರ್ಸ್ರಿ" ಅಂದರು ಯಜಮಾನರು.

"ಗಡಿ ನೋಡ್ದೆ ಹೊಲಕ್ಕೆ ಕಾಲಿಡಬಾರ್ದು ಯಜಮಾನ್ರೇ. ಕುಂತ್ಕಳ್ರಿ" ಅಂದರು ಇವರು. ತಹಶೀಲ್ದಾರರನ್ನು ಹೊಸ್ತಿಲಲ್ಲಿ ನಿಲ್ಲಿಸಿದ ದನಿ ಅದೇ ಇರಬೇಕು. ಯಜಮಾನರು ಕೂತರು.

ಟಿವಿಯೊಳಗಿನ ಅಜ್ಜಿ "ಬಾರೋ ಕೆಂಚಾ" ಎಂದು ಕರೆದರು. ಬೇವಿನ ಮರದ ಕೆಂಚ ಹಗ್ಗ ಜಗ್ಗಿ ಒದರಿತು. ಜನ ಹೋ ಅಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಎದುರಾಳಿ ಸಾಮಾನ್ಯದವನಲ್ಲ. "ಟಗರು ಯಾರು ಕೂಗಿದ್ರೂ ಒದರ್ತತೆ" ಅಂದ. "ಅದು ನನ್ ಟಗರೇ, ಇಲ್ಲ ಅಂದೋರ್ಯಾರು? ಈ ವರ್ಷ ಒಂದಿನ ತಪ್ಪಿಸ್ಕಂಡು ಇವಳ ರೊಪ್ಪಕ್ಕೆ ಹೋಗಿತ್ತು. ಅವತ್ತು ಟಿವಿಯೋರು ಬಂದವ್ರೆ. ಈ ಚಿತ್ರ ಹಳೇದು ಅಂತ ಟಗರಿನ ಹಣೆ ಮ್ಯಾಲೆ ಬರ್ದೈತಾ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಟಗರಿನ ಮೈಮೇಲೆ ತಾರೀಕು ಇರಲಿಲ್ಲ. ಇವರ ಪುಸ್ತಕದಲ್ಲಿತ್ತು, ಆದರೆ ಅದು ಇವರೇ ಬರೆದದ್ದಲ್ಲವೇ ಎಂದು ಅವನು ಕೇಳಿದರೆ ಉತ್ತರವಿಲ್ಲ. ಅಜ್ಜಿಯ ಕೈ ನನ್ನ ಕೈ ಹಿಡಿಯಿತು.

ಅಷ್ಟು ಹೊತ್ತಿಗೆ ಟಿವಿ ತನ್ನ ಪಾಡಿಗೆ ಮುಂದೆ ಹೋಗಿ ಪಶ್ಚಿಮದ ಗಡಿಗೆ ಬಂದಿತ್ತು. ಹಿರಿಯೂರಿನ ಜವಳಿ ಅಂಗಡಿ. ಹೂಮಾಲೆ ಕಟ್ಟಿದ ಬಾಗಿಲು, ಸೀರೆ ಹಿಡಿದು ನಗುವ ಹೆಂಗಸು. "ನಾಳೆ ಉದ್ಘಾಟನೆ, ಕುಟುಂಬ ಸಮೇತ ಬನ್ನಿ" ಎಂದು ಕೂಗುತ್ತಿತ್ತು.

ಯಜಮಾನರು ಮೆಲ್ಲಗೆ ಎದ್ದು ಟಿವಿಯ ಹತ್ತಿರ ಹೋದರು. "ಲೇ, ಈ ಅಂಗಡಿ ಬಾಗ್ಲು ಹಾಕಿ ಎಷ್ಟು ದಿನ ಆತು?"

"ಎರಡು ವರ್ಷ ಆತು" ಎಂದಿತು ಒಂದು ದನಿ.

"ಎರಡಲ್ಲ, ಎರಡೂವರೆ. ಮುಚ್ಚೋ ದಿನ ನಾನೇ ಹೋಗಿ ಪಂಚೆ ತಂದೀನಿ. ಇನ್ನೂ ಉಟ್ಕಂಡೀನಿ ನೋಡು." ಪಂಚೆಯ ಅಂಚು ಹಿಡಿದು ಎಲ್ಲರಿಗೂ ತೋರಿಸಿದರು. ಆಮೇಲೆ ಎದುರಾಳಿಯ ಕಡೆ ತಿರುಗಿದರು. "ಏನಪ್ಪ, ಮುಚ್ಚಿದ ಅಂಗಡಿ ಈ ವರ್ಷ ಉದ್ಘಾಟನೆ ಆತಾ? ಹೋದ ವರ್ಷ ಹುಟ್ಟಿದ ನಿನ್ ಟಗರು, ಅದ್ಕೂ ಮುಂಚೆ ಕೊಂಬು ಬಿಟ್ಕಂಡು ಟಿವಿಯಾಗೆ ಓಡಾಡ್ತಿತ್ತಾ?"

ಎದುರಾಳಿ ಏನೋ ಹೇಳಲು ಹೋದ. ಜನ ನಗುವುದಕ್ಕೆ ಶುರು ಮಾಡಿದರು. ಅವನು ತಾನೇ ಹೋಗಿ ಹಗ್ಗ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ನಡೆದ. ನಾನು ಇವರ ಮುಖ ನೋಡಿದೆ. ಬಾಂದು ಕಲ್ಲು ಎಂದು ನನ್ನ ಮೇಲೆ ಕೂಗಾಡಿದ್ದನ್ನು ಈಗ ನೆನಪಿಸುತ್ತಾರೆ, ಸಹಿಸಿಕೊಳ್ಳಬೇಕು ಎಂದು ತಯಾರಾಗಿದ್ದೆ. ಅವರು ನೆನಪಿಸಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಹಾಳೆಯಲ್ಲಿ "ವಿಲೇವಾರಿ" ಎಂದು ಬರೆದು ಸಹಿ ಹಾಕಿ ಮತ್ತೆ ಮೇಲಿನ ಜೇಬಿಗೆ ಸೇರಿಸಿದರು.

ಅಜ್ಜಿ ಇವರ ಕೈಗೇ ಹಗ್ಗ ಕೊಟ್ಟು, ಕೆಂಚನ ಪಕ್ಕ ನಿಲ್ಲಿಸಿ, ಏನಾದರೂ ಮಾತಾಡಿ ಸಾಮಿ ಅಂದರು. ಯಾರೋ ಫೋನಿನಲ್ಲಿ ಹಿಡಿಯತೊಡಗಿದರು. ಅವರು ಗಂಟಲು ಸರಿಮಾಡಿಕೊಂಡು ಇಂಡೆಕ್ಸ್ ಅಂದರೆ ಏನು ಎಂದು ಆ ಹಟ್ಟಿಗೆ ಐದು ನಿಮಿಷ ತಿಳಿಸಿ ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಕೆಂಚ ಕತ್ತು ಚಾಚಿ ಅವರ ಮೇಲಿನ ಜೇಬಿನಿಂದ ಚಕ್ಕುಬಂದಿಯ ಹಾಳೆ ಎಳೆದು ಅಗಿದು ನುಂಗಿತು.

ದಾಖಲೆ ತಿಂದ ಪ್ರಾಣಿಯನ್ನು ಅವರು ಏನು ಮಾಡುತ್ತಾರೋ! ಅವರು ಕೆಂಚನ ಬಾಯಿ ನೋಡಿದರು, ತಮ್ಮ ಜೇಬು ನೋಡಿದರು, ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಹೋದ ತಿಂಗಳು ಬೆಳಗ್ಗೆ ಪೇಪರು ಓದುತ್ತ ಕೂತವರು ಹಾಗೇ ಹೋದರು. ಓದುತ್ತಿದ್ದ ಪುಟಕ್ಕೆ ಬೆರಳಿಟ್ಟಿದ್ದರು ಎಂದು ತಮ್ಮ ಹೇಳಿದರು.

ಫ್ಲೆಕ್ಸಿಗೆ ನನಗೆ ಆ ನಗು ಬೇಕಿತ್ತು. ಹಟ್ಟಿಯವರ ಆ ವಿಡಿಯೊ ನನ್ನ ಫೋನಿನಲ್ಲಿತ್ತು. ಹತ್ತಾರು ಫೋನು ದಾಟಿ, ದಾಟಿದ ಕಡೆಯೆಲ್ಲ ಹಿಂಡಿಸಿಕೊಂಡು, ಹಳೆಯ ನಾಣ್ಯದ ಹಾಗೆ ಸವೆದಿತ್ತು. ಅಂಗಡಿಯ ಕಂಪ್ಯೂಟರಿಗೆ ಹಾಕಿ ಅವರ ನಗುವಿಗೆ ಗುರುತು ಮಾಡಿ ಕತ್ತರಿಸಿದೆ. ಕೆಂಚ ಬಂತು. ಮತ್ತೆ ಕತ್ತರಿಸಿದೆ. ಮತ್ತೆ ಕೆಂಚ, ಬಾಯಲ್ಲಿ ಹಾಳೆ ಸಮೇತ. ಮೂರನೇ ಸಲ ಕೆಂಚನ ಕಿವಿ. ನನಗೆ ಅಳು ಬಂದದ್ದು ಆಗ. ಎಷ್ಟೋ ಹೊತ್ತು ಅತ್ತೆ. ಜೆರಾಕ್ಸಿಗೆ ಬಂದ ಒಬ್ಬರು, ಆಮೇಲೆ ಬರ್ತೀನಮ್ಮ ಎಂದು ಹೊರಟುಹೋದರು.

ಆಮೇಲೆ ಕಣ್ಣೊರೆಸಿಕೊಂಡು ಇಂಡೆಕ್ಸ್ ಕಟ್ಟಲು ಹಾಕಿದೆ. ಎರಡು ಸಲ ಕರೆಂಟು ಹೋಯಿತು. ಮೂರನೆಯ ಸಲಕ್ಕೆ ಅವರ ನಗು ಸಿಕ್ಕಿತು. ಆದರೆ ಆ ಚಿತ್ರದಲ್ಲಿ ಅವರ ಎಡಭುಜಕ್ಕೆ ತಾಗಿಕೊಂಡೇ ಕೆಂಚನ ಮುಖ, ಒಳಕ್ಕೆ ತಿರುಗಿದ ಕೊಂಬು, ಕಣ್ಣಿನ ಮಚ್ಚೆ. ಅದನ್ನು ಅಳಿಸಿ ಅಲ್ಲೊಂದು ಪಾರಿವಾಳ ಕೂರಿಸುವುದು ನನಗೆ ಎರಡು ನಿಮಿಷದ ಕೆಲಸ. ಮೌಸನ್ನು ಅಲ್ಲಿಗೆ ಒಯ್ದೆ. ಬಾಂದು ಕಲ್ಲು ನೆನಪಾಯಿತು. ಕೈ ತೆಗೆದೆ.

ಶಿವಗಣಾರಾಧನೆಯ ದಿನ ಮನೆಯ ಮುಂದೆ ಫ್ಲೆಕ್ಸು ನಿಂತಿತು. ಹಿಂದೆ ಮೋಡ, ಮುಂದೆ ದೀಪ, ನಡುವೆ ನಗುವ ಅವರು, ಪಕ್ಕದಲ್ಲಿ ಟಗರು.

"ಇದೇನಮ್ಮ, ಟಗರಿಗೂ ಶ್ರದ್ಧಾಂಜಲಿನಾ?" ಅವರ ತಮ್ಮ ಹಣೆ ಹಣೆ ಚಚ್ಚಿಕೊಂಡರು. ಬಂದ ನೆಂಟರು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ನಾನು ತಲೆ ತಗ್ಗಿಸಿ ಪ್ರಸಾದದ ಪಂಕ್ತಿಯಲ್ಲಿ ನಿಂತೆ.

ಮಧ್ಯಾಹ್ನ ಅಜ್ಜಿ ಬಂದರು. ವಿಷಯ ಹೇಗೋ ತಿಳಿದು ಬೆಳಗಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಒಂದು ಮೊಳ ಸೇವಂತಿಗೆ. ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತರು. ಕೆಂಚ ಹೇಗಿದಾನೆ ಅಜ್ಜಿ ಎಂದು ಕೇಳಿದೆ.

"ಮಳೆಗಾಲದಾಗೆ ಸತ್ತೋದ ಕಣಮ್ಮ" ಅಂದರು. "ಅವನ್ದು ಒಂದು ಚಿತ್ರ ಇರ್ಲಿಲ್ಲ ನಂತಾವ. ನೀವು ಅವತ್ತು ಬಿಟ್ಟೋದ ಆ ಪೆಂಡ್ರೈವು ಯಾರೋ ಕಳದಾಕಿದ್ರು."

ಹೂವನ್ನು ಹಲ್ಲಿನಿಂದ ಕಡಿದು ಎರಡು ತುಂಡು ಮಾಡಿದರು. ಒಂದನ್ನು ಅವರ ಮುಂದೆ ಇಟ್ಟರು, ಒಂದನ್ನು ಕೆಂಚನ ಮುಂದೆ.

"ಇಬ್ರನ್ನೂ ಒಂದ್ಕಡೆ ಇಟ್ಟೀಯಲ್ಲ, ಒಳ್ಳೇದಾಗ್ಲಿ ನಿಂಗೆ" ಅಂದರು. "ಎಲ್ಲಿ ಈ ಸಾಮಿನೊಬ್ರನ್ನೇ ಕತ್ತರಿಸಿ ಹಾಕಿರ್ತೀಯೋ ಅಂತ ದಾರಿ ಉದ್ದಕ್ಕೂ ಹೆದ್ರಿಕಂಡು ಬಂದೆ."